ಹಳ್ಳಿ, ಗ್ರಾಮ, ಮಜರೆ, ಹಟ್ಟಿ: ಮೂವತ್ತು ಮನೆಯ ಊರನ್ನು ಏನಂತ ಬರೆಯಬೇಕು?

ಗಡಿಕಲ್ಲು ಕೇಳಿದ್ದು:

ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯ ಊರುಗಳ ಬಗ್ಗೆ ಕಿರುಹೊತ್ತಗೆಯೊಂದು ತಯಾರಾಗುತ್ತಿದೆ. ಕರಡಿನಲ್ಲಿ ಎಲ್ಲವನ್ನೂ ಒಂದೇ ಸಮನೆ "ಗ್ರಾಮ" ಅಂತ ಬರೆಯಲಾಗಿದೆ. ಆದರೆ ಅದರಲ್ಲಿ ಆರುನೂರು ಮನೆಯ ಊರೂ ಇದೆ, ಮೂವತ್ತು ಮನೆಯ ಗೊಲ್ಲರಹಟ್ಟಿಯೂ ಇದೆ, ಹತ್ತೇ ಮನೆಯ ಪಾಳ್ಯವೂ ಇದೆ. ಇನ್ನೊಂದು ಹೆಸರು ತಾಲ್ಲೂಕು ಕಚೇರಿಯ ಪಟ್ಟಿಯಲ್ಲಿ ಮಾತ್ರ ಇದೆ. ಅಲ್ಲಿ ಒಂದು ಮನೆಯೂ ಇಲ್ಲ, ಮುಂದೆ "ಬೇಚಿರಾಕ್" ಅಂತ ಬರೆದಿದೆ.

ಹಳ್ಳಿ ಮತ್ತು ಗ್ರಾಮ ಒಂದೇನಾ? ಮಜರೆ ಅಂದರೆ ನಿಖರವಾಗಿ ಏನು? ತೀರಾ ಚಿಕ್ಕ ಊರಿಗೆ ಪತ್ರಿಕೆಗಳಲ್ಲಿ "ಕುಗ್ರಾಮ" ಅಂತ ಬರೆಯುತ್ತಾರಲ್ಲ, ಅದನ್ನು ಹಾಕಬಹುದಾ? ತಿಳಿದವರು ಬಿಡಿಸಿ ಹೇಳಿ.

---

ತಾಳೆಗರಿ ಉತ್ತರ:

ಕೊನೆಯದರಿಂದ ಶುರು ಮಾಡ್ತೀನಿ. "ಕುಗ್ರಾಮ" ಬೇಡ. ಸಂಸ್ಕೃತದ "ಕು" ಕೀಳು, ಅಲ್ಪ, ಕೆಟ್ಟದ್ದು ಅನ್ನೋದನ್ನ ಹೇಳುವ ಉಪಸರ್ಗ. ಕುಕೃತ್ಯ, ಕುಖ್ಯಾತಿ, ಕುತಂತ್ರ ಪದಗಳಲ್ಲಿರೋ "ಕು" ಇದೇ. ಪತ್ರಿಕೆಯವರು "ದೂರದ ಚಿಕ್ಕ ಊರು" ಅನ್ನೋ ಅರ್ಥದಲ್ಲಿ ಸಲೀಸಾಗಿ ಬಳಸ್ತಾರೆ ನಿಜ, ಆದರೆ ಆ ಊರಿನವರೇ ಓದುವ ಪುಸ್ತಕದಲ್ಲಿ ಅದು ಬೈಗುಳದ ಹತ್ತಿರಕ್ಕೆ ಹೋಗುತ್ತೆ. "ಪುಟ್ಟ ಊರು", "ಚಿಕ್ಕ ಹಳ್ಳಿ" ಅಂದರೆ ಸಾಕು. "ಗ್ರಾಮ್ಯ" ಪದಕ್ಕೂ ಇದೇ ತೊಡಕು. ಕಾವ್ಯಮೀಮಾಂಸೆಯಲ್ಲಿ ಗ್ರಾಮ್ಯ ಅನ್ನೋದು ಒಂದು ದೋಷದ ಹೆಸರು, ಅಂದರೆ ಒರಟು, ಅಸಭ್ಯ ಮಾತು. ಹಳ್ಳಿಗೆ ಸಂಬಂಧಿಸಿದ್ದು ಅನ್ನೋದಷ್ಟನ್ನೇ ಹೇಳಬೇಕಾದರೆ "ಗ್ರಾಮೀಣ" ಬಳಸಿ.

ಇನ್ನು ಹಳ್ಳಿ. ಇದು ಅಚ್ಚಗನ್ನಡದ ಪದ, ಹಳೆಯ ರೂಪ "ಪಳ್ಳಿ". ತಮಿಳಿನಲ್ಲಿ ಪಳ್ಳಿ, ತೆಲುಗಿನಲ್ಲಿ ಪಲ್ಲೆ, ಪಲ್ಲಿ ಇವೆಲ್ಲ ಒಂದೇ ಬಳ್ಳಿಯವು. ಕನ್ನಡದಲ್ಲಿ ಪದದ ಮೊದಲಿಗೆ ಬರುವ ಪಕಾರ ಹಕಾರವಾಗುವ ಬದಲಾವಣೆ ಸುಮಾರು 10ನೇ ಶತಮಾನದ ಹೊತ್ತಿಗೆ ಕಾಣಿಸಿಕೊಂಡು ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪೂರ್ತಿ ನೆಲೆಯಾಯಿತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಳ್ಳಿ ಹಳ್ಳಿಯಾಯಿತು, ಪಟ್ಟಿ ಹಟ್ಟಿಯಾಯಿತು.

ಹಲ್ಮಿಡಿ ಶಾಸನವನ್ನೇ ನೋಡಿ. ಬೇಲೂರು ತಾಲ್ಲೂಕಿನದು, ಸುಮಾರು ಕ್ರಿ.ಶ. 450ರದು ಅಂತ ಸಾಮಾನ್ಯವಾಗಿ ಹೇಳೋದು. ಅದರಲ್ಲಿ ದತ್ತಿ ಕೊಟ್ಟ ಊರುಗಳು ಎರಡು: ಪಲ್ಮಡಿ ಮತ್ತು ಮೂಳಿವಳ್ಳಿ. ಮೊದಲನೆಯದೇ ಇವತ್ತಿನ ಹಲ್ಮಿಡಿ, ಪಕಾರ ಹೋಗಿ ಹಕಾರ ಬಂದಿದೆ. ಎರಡನೆಯದರಲ್ಲಿ "ಮೂಳಿ" ಜತೆ "ಪಳ್ಳಿ" ಸೇರುವಾಗ ಪಕಾರ ವಕಾರವಾಗಿ "ವಳ್ಳಿ" ಆಗಿದೆ. ಅಂದರೆ ಕನ್ನಡದ ತೀರಾ ಹಳೆಯ ಶಾಸನಗಳಲ್ಲೊಂದರಲ್ಲೇ ಹಳ್ಳಿ ಒಂದು ಊರ ಹೆಸರಿನ ಬಾಲವಾಗಿ ಕೂತಿದೆ. ಇವತ್ತು ಬಾಯಿಮಾತಲ್ಲಿ ಹಕಾರವೂ ಬಿದ್ದುಹೋಗಿ ಹೊಸಳ್ಳಿ, ಮಾರೇನಳ್ಳಿ ಅಂತೀವಿ. ಬರವಣಿಗೆಯಲ್ಲಿ ಮಾತ್ರ ಹೊಸಹಳ್ಳಿ ಅಂತಲೇ ಬರೆಯಿರಿ. ಅರ್ಧ ಊರಿಗೆ "ಹಳ್ಳಿ", ಇನ್ನರ್ಧಕ್ಕೆ "ಳ್ಳಿ" ಅಂತ ಹಾಕಿದರೆ ಅಕಾರಾದಿ ಸೂಚಿಯಲ್ಲಿ ಒಂದೇ ಊರು ಎರಡು ಕಡೆ ಬರುತ್ತೆ.

ಒಂದು ಎಚ್ಚರಿಕೆ: ಹೆಸರಿನ ಕೊನೆಯ "ಹಳ್ಳಿ" ಇವತ್ತಿನ ಗಾತ್ರವನ್ನ ಹೇಳಲ್ಲ. ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ ಹಳ್ಳಿ ಹುಡುಕಿಕೊಂಡು ಹೋಗೋರು ಯಾರಿದಾರೆ? ಬೊಮ್ಮಸಂದ್ರ, ಜಕ್ಕಸಂದ್ರ ಹೆಸರುಗಳ "ಸಂದ್ರ" ಕೂಡ "ಸಮುದ್ರ", ಅಂದರೆ ದೊಡ್ಡ ಕೆರೆ, ಊರಿನ ಬಗೆಯಲ್ಲ.

ಗ್ರಾಮ ಸಂಸ್ಕೃತದ್ದು. ಹಳೆಯ ವೈದಿಕ ಬಳಕೆಯಲ್ಲಿ ಅದಕ್ಕೆ ಗುಂಪು, ಒಟ್ಟಿಗೆ ಸಾಗುವ ಜನರ ತಂಡ ಅನ್ನೋ ಅರ್ಥವಿದೆ. ಸಂಗೀತದ ಷಡ್ಜಗ್ರಾಮ ಅನ್ನೋದರಲ್ಲೂ ಸ್ವರಗಳ ಗುಂಪು ಅನ್ನೋ ಅರ್ಥ ಉಳಿದುಕೊಂಡಿದೆ. ಗುಂಪು ನೆಲೆನಿಂತ ಮೇಲೆ ನೆಲೆಗೇ ಆ ಹೆಸರು ಬಂತು.

ಊರು ಎಲ್ಲಕ್ಕಿಂತ ಅಗಲವಾದ ಪದ. ಹತ್ತು ಮನೆಯದೂ ಊರೇ, ಮೈಸೂರೂ ಊರೇ. "ಊರಿಗೆ ಹೋಗ್ತೀನಿ" ಅಂದರೆ ಹುಟ್ಟಿದೂರಿಗೆ ಅಂತ ಅರ್ಥ. "ಹಳ್ಳಿಗೆ ಹೋಗ್ತೀನಿ" ಅಂದಾಗ ಆ ನಂಟು ಕಾಣಲ್ಲ, ಪೇಟೆಯವನು ಹೊರಗೆ ನಿಂತು ಆಡಿದ ಮಾತಿನ ಹಾಗಿರುತ್ತೆ. ಹೊತ್ತಗೆಯ ಕಥನ ಭಾಗದಲ್ಲಿ ಎಲ್ಲ ಕಡೆ "ಊರು" ಅಂತಲೇ ಬರೆದರೆ ಯಾರಿಗೂ ನೋವಾಗಲ್ಲ, ತಪ್ಪೂ ಆಗಲ್ಲ.

---

ಪಹಣಿಪುಟ ಉತ್ತರ:

ತಾಳೆಗರಿಯವರು ಭಾಷೆಯ ಕಡೆಯಿಂದ ಹೇಳಿದರು. ದಾಖಲೆಯ ಕಡೆಯಿಂದ ನೋಡಿದರೆ ಹಳ್ಳಿ ಬೇರೆ, ಗ್ರಾಮ ಬೇರೆ. ನಿಮ್ಮ ಕರಡಿನ ತಪ್ಪು ಇಲ್ಲಿದೆ.

ಕಂದಾಯ ಇಲಾಖೆಗೆ ಗ್ರಾಮ ಅಂದರೆ ಮನೆಗಳ ಗುಂಪಲ್ಲ, ಗಡಿ ಹಾಕಿದ ನೆಲ. ಗ್ರಾಮನಕ್ಷೆ ಇರಬೇಕು, ಅದರೊಳಗೆ 1ರಿಂದ ಶುರುವಾಗುವ ಸರ್ವೆ ನಂಬರುಗಳಿರಬೇಕು. ಮನೆಗಳಿರುವ ಜಾಗ ಗ್ರಾಮಠಾಣ. ಸುತ್ತ ಹಿಡುವಳಿ ಜಮೀನು, ಗೋಮಾಳ, ಗುಂಡುತೋಪು, ಕೆರೆ, ಖರಾಬು (ಸಾಗುವಳಿಗೆ ಬಾರದ ನೆಲ). ಇಷ್ಟೂ ಸೇರಿ ಒಂದು ಕಂದಾಯ ಗ್ರಾಮ. ಗೋಮಾಳಕ್ಕೆ ನೂರು ಜಾನುವಾರಿಗೆ 30 ಎಕರೆ ಅಂತ ಲೆಕ್ಕ ಹಾಕುವುದೂ ಈ ಗ್ರಾಮವನ್ನೇ ಘಟಕವಾಗಿಟ್ಟುಕೊಂಡು.

ಹಾಗಾಗಿ ಒಂದು ಮನೆಯೂ ಇಲ್ಲದೆ ಗ್ರಾಮ ಇರಬಹುದು. ಅದೇ ನಿಮ್ಮ ಬೇಚಿರಾಕ್. ಪಾರಸಿಯಲ್ಲಿ "ಬೇ" ಅಂದರೆ ಇಲ್ಲದ, "ಚಿರಾಗ್" ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಕಡತಗಳಲ್ಲಿ ಬೇಚರಾಕ್ ಅಂತಲೂ ಇರುತ್ತೆ. ಜನ ಇಲ್ಲದಿದ್ದರೂ ಜಮೀನು ಇದೆ, ಪಹಣಿ ಬರುತ್ತೆ, ಕ್ರಯ ನಡೆಯುತ್ತೆ. 2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅದರಲ್ಲಿ ಜನ ವಾಸವಿದ್ದದ್ದು 27,397ರಲ್ಲಿ. ಉಳಿದ 1,943 ಇಂಥವೇ. ಪಟ್ಟಿಯಿಂದ ತೆಗೆದುಹಾಕಬೇಡಿ, "ಬೇಚಿರಾಕ್ (ಜನವಸತಿ ಇಲ್ಲ)" ಅಂತ ನಮೂದಿಸಿ.

ಇದರ ಉಲ್ಟಾ ಮಜರೆ. ಅಲ್ಲಿ ಮನೆಗಳಿವೆ, ಜನರಿದ್ದಾರೆ, ಹೆಸರೂ ಇದೆ, ಆದರೆ ಸ್ವಂತ ಗ್ರಾಮನಕ್ಷೆ ಇಲ್ಲ. ಇನ್ನೊಂದು ಕಂದಾಯ ಗ್ರಾಮದ ಗಡಿಯೊಳಗೆ, ಅದರ ಸರ್ವೆ ನಂಬರುಗಳ ಮೇಲೆ ಕೂತಿರುತ್ತೆ. ಅರಬ್ಬಿಯ "ಮಜ್ರಅ", ಅಂದರೆ ಉತ್ತ ಹೊಲ, ಪದದ ಮೂಲ. ಊರಿಂದ ದೂರದ ಹೊಲದಲ್ಲೇ ಗುಡಿಸಲು ಹಾಕಿಕೊಂಡು ನಿಂತವರ ಊರು. ಹಳೇ ಮೈಸೂರು ಕಡತಗಳಲ್ಲಿ ಇದೇ ಜೋಡಿಗೆ "ಅಸಲಿ" ಮತ್ತು "ದಾಖಲಿ" ಅಂತಿರುತ್ತೆ. ಅಸಲಿ ಮೂಲ ಗ್ರಾಮ, ದಾಖಲಿ ಅದಕ್ಕೆ ಸೇರಿದ ಮರಿ. ಹೆಸರು ಕೇಳಿ "ದಾಖಲೆ ಇರುವ ಗ್ರಾಮ" ಅಂದುಕೊಳ್ಳುವವರು ಬಹಳ ಜನ. ಇನ್ನೊಂದರ ದಾಖಲೆಯೊಳಗೆ ಸೇರಿಸಿದ್ದು ಅನ್ನೋದು ಸರಿ.

ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನಾಗುತ್ತೆ? ಸರ್ಕಾರದ ಭೂದಾಖಲೆಯ "ಭೂಮಿ" ತಂತ್ರಾಂಶದಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗಗಳು) ಆಯ್ಕೆ ಮಾಡಬೇಕು. ಮಜರೆಯ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಜನ ಹೆಸರು ಹುಡುಕಿ ಹುಡುಕಿ, ಕೊನೆಗೆ ಅದೇ ಹೋಬಳಿಯ ಇನ್ನೊಂದು ಹೊಸಹಳ್ಳಿಯನ್ನೇ ತಮ್ಮದೆಂದು ಒತ್ತುತ್ತಾರೆ. ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಅಂತ ತೋರಿಸುವ ಋಣಭಾರ ಪತ್ರದಲ್ಲಿ ಇದು ಅಪಾಯಕ್ಕೇ ತರುತ್ತೆ. ತಪ್ಪು ಗ್ರಾಮದ ಹೆಸರಿಗೆ ಹುಡುಕಿದರೆ ವ್ಯವಹಾರ ಏನೂ ಸಿಗದೆ ನಮೂನೆ 16 ಬರುತ್ತೆ, ಅಂದರೆ ಋಣಭಾರ ಇಲ್ಲ ಅಂತ. ಸರಿಯಾದ ಗ್ರಾಮಕ್ಕೆ ಹಾಕಿದ್ದರೆ ನಮೂನೆ 15ರಲ್ಲಿ ಅಡಮಾನವೇ ಕಾಣಿಸುತ್ತಿತ್ತೇನೋ. ಕ್ರಯಪತ್ರದ ಷೆಡ್ಯೂಲಿನಲ್ಲಿ ಮಜರೆಯ ಹೆಸರನ್ನೇ "ಗ್ರಾಮ" ಅಂತ ಬರೆದರೆ ಸರ್ವೆ ನಂಬರಿಗೂ ಗ್ರಾಮಕ್ಕೂ ತಾಳೆಯಾಗಲ್ಲ, ಆಮೇಲೆ ತಿದ್ದುಪಡಿ ಪತ್ರದ ಅಲೆದಾಟ.

ಮೂಲ ಗ್ರಾಮ ಗೊತ್ತುಮಾಡಿಕೊಳ್ಳಲು ಸುಲಭದ ದಾರಿ ದಿಶಾಂಕ್ ಆ್ಯಪ್. ಊರಿನ ನಡುವೆ ನಿಂತು ತೆರೆದರೆ ನೀವಿರುವ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತೆ. ಒಂದು ಕಡೆ ನೋಡಿ ಬಿಡಬೇಡಿ. ಚಿಕ್ಕ ಮಜರೆಗಳು ಎರಡು ಗ್ರಾಮಗಳ ಗಡಿಯ ಮೇಲೆ ಕೂತಿರುವುದು ಉಂಟು, ರಸ್ತೆಯ ಈಚೆ ಬದಿ ಒಂದು ಗ್ರಾಮ, ಆಚೆ ಬದಿ ಇನ್ನೊಂದು. ಊರಿನ ಎರಡೂ ತುದಿಯಲ್ಲಿ ನೋಡಿ, ಆಮೇಲೆ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಇರುವ ನಕ್ಷೆಗೆ ತಾಳೆ ಹಾಕಿ.

ಗ್ರಾಮ ಪಂಚಾಯಿತಿ ಹೆಸರನ್ನೂ ಇದರಲ್ಲಿ ಬೆರೆಸಬೇಡಿ. 1993ರ ಕಾಯ್ದೆ ಪ್ರಕಾರ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಪಂಚಾಯಿತಿ, ಮಲೆನಾಡು ಕರಾವಳಿ ಜಿಲ್ಲೆಗಳಲ್ಲಿ 2,500ಕ್ಕೂ ಆಗಬಹುದು. ಹಲವು ಕಂದಾಯ ಗ್ರಾಮ ಸೇರಿದ್ದು ಪಂಚಾಯಿತಿ. ಕೇಂದ್ರಸ್ಥಾನದ ಊರಿನ ಹೆಸರೇ ಅದಕ್ಕೂ ಇರುವುದರಿಂದ ಗೊಂದಲ.

---

ಗಡಿಕಲ್ಲು:

ಬಹಳ ಸ್ಪಷ್ಟವಾಯಿತು. ಹಾಗಾದರೆ ಹಟ್ಟಿ, ಪಾಳ್ಯ, ದೊಡ್ಡಿ, ತಾಂಡಾ ಎಲ್ಲವನ್ನೂ "ಮಜರೆ" ಅಂತ ಒಂದೇ ಪದಕ್ಕೆ ಇಳಿಸಿಬಿಡಬಹುದಾ? ಪಟ್ಟಿ ಅಚ್ಚುಕಟ್ಟಾಗುತ್ತೆ.

---

ಕೊಪ್ಪಲುಬೀದಿ ಉತ್ತರ:

ಅಚ್ಚುಕಟ್ಟಾಗುತ್ತೆ, ಆದರೆ ಊರಿನ ಚರಿತ್ರೆ ಅಳಿಸಿಹೋಗುತ್ತೆ. ಮಜರೆ ಅನ್ನೋದು ಕಚೇರಿ ಇಟ್ಟ ದರ್ಜೆ. ಹಟ್ಟಿ, ದೊಡ್ಡಿ, ಪಾಳ್ಯ ಅನ್ನೋವು ಆ ಜಾಗದಲ್ಲಿ ಮೊದಲು ಏನಿತ್ತು ಅಂತ ಹೇಳೋ ಪದಗಳು. ಎರಡಕ್ಕೂ ಬೇರೆ ಬೇರೆ ಅಂಕಣ ಬೇಕು.

ಹಟ್ಟಿ ಅಂದರೆ ಮೊದಲಿಗೆ ದನ ಕುರಿ ಕೂಡುವ ಜಾಗ. ಮಂದೆ ಇದ್ದಲ್ಲಿ ಮಂದೆಯವರು ನಿಂತರು, ಮನೆಗಳಾದವು. ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಕಾಡುಗೊಲ್ಲರ ಊರುಗಳಿಗೆ ಹಟ್ಟಿ ಅಂತಲೇ ಹೆಸರು. ಹಾಗಂತ ಹಟ್ಟಿಯೆಲ್ಲ ಚಿಕ್ಕದಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ದೊಡ್ಡ ಊರು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಅಂದರೆ ಚಿನ್ನದ ಗಣಿ. ಇನ್ನು ಮೈಸೂರು, ಚಾಮರಾಜನಗರ ಕಡೆ "ಹಟ್ಟೀಲಿ ಯಾರೂ ಇಲ್ಲ" ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ, ಊರು ಖಾಲಿ ಅಂತಲ್ಲ! ಹವ್ಯಕರ ಮಾತಿನಲ್ಲಿ ಅದೇ ಹಟ್ಟಿ ದನದ ಕೊಟ್ಟಿಗೆ. ಒಂದು ಕಡೆ ಊರು, ಒಂದು ಕಡೆ ಮನೆ, ಒಂದು ಕಡೆ ಕೊಟ್ಟಿಗೆ. ಹೊತ್ತಗೆ ಹೊರಗಿನವರೂ ಓದುವಂಥದ್ದಾದರೆ ಮೊದಲ ಸಲ ಬಂದಾಗ ಅರ್ಥ ಬರೆದುಬಿಡಿ.

ದೊಡ್ಡಿಯೂ ಹಾಗೇ, ದನ ಕೂಡುವ ಆವರಣ. ರಾಮನಗರ, ಕನಕಪುರ, ಮದ್ದೂರು, ಮಳವಳ್ಳಿ ಸುತ್ತ "ದೊಡ್ಡಿ" ಅಂತ ಮುಗಿಯುವ ಊರುಗಳು ಸಾಲುಸಾಲು. ಬೀಡಾಡಿ ದನಗಳನ್ನ ಪಂಚಾಯಿತಿ ಕೂಡಿಹಾಕುವ ಜಾಗಕ್ಕೂ ದೊಡ್ಡಿ ಅಂತಲೇ ಹೇಳೋದು. ಆದ್ದರಿಂದ ವಾಕ್ಯದಲ್ಲಿ ಬರೀ "ದೊಡ್ಡಿಗೆ" ಅಂತ ಬಿಡಬೇಡಿ, ಪೂರ್ತಿ ಹೆಸರು ಹಾಕಿ.

ಪಾಳ್ಯ ಅಂದರೆ ಪಾಳೆಯ, ದಂಡು ಬೀಡುಬಿಟ್ಟ ಜಾಗ, ಪಾಳೆಯಗಾರ ಅನ್ನೋದರಲ್ಲಿ ಇರೋದೇ. ಕೊಪ್ಪ, ಕೊಪ್ಪಲು ಮೈಸೂರು, ಮಂಡ್ಯ, ಹಾಸನ ಕಡೆಯವು. ದೊಡ್ಡೂರಿನ ಪಕ್ಕದಲ್ಲಿ ಬೆಳೆದ ಚಿಕ್ಕ ಊರು. ನಿಮ್ಮ "ಚಿಕ್ಕ ಊರು" ಅನ್ನೋ ಅರ್ಥಕ್ಕೆ ಕನ್ನಡದ್ದೇ ಪದ ಬೇಕು ಅಂದರೆ ಕೊಪ್ಪಲು ತುಂಬಾ ಹತ್ತಿರ. ಆದರೆ ತುಮಕೂರಿನವರಿಗೆ ಅದು ಆಡುಪದವಲ್ಲ, ಬಲವಂತವಾಗಿ ತುರುಕಿದಂತಾಗುತ್ತೆ.

ಕೇರಿ ಬೇರೆ ಊರಲ್ಲ, ಊರಿನದೇ ಒಂದು ಭಾಗ. ಅದನ್ನ ಮಜರೆ ಪಟ್ಟಿಗೆ ಸೇರಿಸಬೇಡಿ. ಜಾತಿಯ ಹೆಸರು ಹೊತ್ತ ಕೇರಿಗಳಿದ್ದರೆ ಅಲ್ಲಿನ ಜನ ಈಗ ಯಾವ ಹೆಸರು ಹೇಳ್ತಾರೋ ಅದನ್ನೇ ಬರೀರಿ. ಹಳೇ ಕಡತದಲ್ಲಿದೆ ಅನ್ನೋದು ನೆಪ ಆಗಬಾರದು.

ಕಾಡಂಚಿನ ಎರಡು ಪದ. ಕೊಡಗು, ಹುಣಸೂರು, ಹೆಗ್ಗಡದೇವನಕೋಟೆ ಕಡೆ ಜೇನುಕುರುಬರು, ಬೆಟ್ಟಕುರುಬರು, ಯರವರ ನೆಲೆಗಳಿಗೆ "ಹಾಡಿ" ಅಂತಾರೆ. ಇದೇ ಪದ ಕುಂದಾಪುರದ ಕಡೆ ಮರಗಿಡ ದಟ್ಟವಾಗಿರೋ ಕಾಡಿನ ತುಂಡು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ನೆಲೆ "ಪೋಡು". ಇಲ್ಲಿ ತಮಾಷೆ ನೋಡಿ: ಸರ್ವೆ ಇಲಾಖೆಯಲ್ಲಿ ಜಮೀನು ಭಾಗ ಮಾಡಿ ಹೊಸ ಹಿಸ್ಸಾ ಕೊಡುವುದಕ್ಕೆ "ಪೋಡಿ" ಅಂತ ಹೆಸರು. ಪೋಡು, ಪೋಡಿ ಎರಡಕ್ಕೂ ಚತುರ್ಥಿ ಹಚ್ಚಿದರೆ ಒಂದೇ ರೂಪ, "ಪೋಡಿಗೆ". "ಪೋಡಿಗೆ ಅರ್ಜಿ ಕೊಟ್ಟರು" ಅಂದರೆ ಊರಿಗಾ, ಅಳತೆಗಾ? "ಪೋಡಿನ ಜನ", "ಪೋಡಿ ಅಳತೆ" ಅಂತ ಬಿಡಿಸಿ ಬರೆದರೆ ತೊಡಕಿಲ್ಲ.

---

ಎರೆಹೊಲ ಉತ್ತರ:

ನಮ್ಮ ಬಡಗಣ ಸೀಮಿದು ಸ್ವಲ್ಪ ಸೇರಿಸ್ತೀನಿ.

ತಾಂಡಾ ಅಂದ್ರ ಲಂಬಾಣಿ ಮಂದಿ ಇರೋ ಊರು. ಮೊದಲಿಗೆ ಅದು ಎತ್ತಿನ ಮ್ಯಾಲೆ ದವಸ, ಉಪ್ಪು ಹೇರಿಕೊಂಡು ಹೊಂಟ ತಂಡದ ಹೆಸರು. ತಾಳೆಗರಿ ಅವ್ರು ಗ್ರಾಮ ಪದಕ್ಕ ಹೇಳಿದ್ದೂ, ಪಾಳ್ಯಕ್ಕ ಕೊಪ್ಪಲುಬೀದಿ ಅವ್ರು ಹೇಳಿದ್ದೂ ಇದನ್ನ: ನಡಿಯೋ ಗುಂಪು ನಿಂತ್ರ ಅದೇ ಊರು. ತಾಂಡಾದ ಹಿರಿಯ ನಾಯಕ, ಅವನ ಜೋಡಿ ಆಡಳಿತ ನೋಡೋ ಕಾರಬಾರಿ. ಬರಿಯೋ ಮುಂದ "ತಾಂಡಾ" ಅಂತ ದೀರ್ಘ ಉಳಿಸ್ರಿ. "ತಾಂಡ ಗ್ರಾಮ" ಅಂತ ಎರಡೂ ಸೇರಿಸಿ ಬರಿಯೋದು ಕಂದಾಯ ಗ್ರಾಮ ಅಂತ ಘೋಷಣೆ ಆದ್ರ ಮಾತ್ರ ಸರಿ.

ಆ ಘೋಷಣೆ ಸಣ್ಣ ಮಾತಲ್ಲ. ಖಾಸಗಿ ಜಮೀನಿನ ಮ್ಯಾಲೆ ಇದ್ದ ದಾಖಲೆ ಇಲ್ಲದ ಜನವಸತಿಗೆ ಭೂಸುಧಾರಣಾ ಕಾಯ್ದೆಯ 38ಎ ಕಲಂ, ಸರಕಾರಿ ಜಮೀನಿನ ಮ್ಯಾಲೆ ಇದ್ದದ್ದಕ್ಕ ಭೂಕಂದಾಯ ಕಾಯ್ದೆಯ 94ಡಿ ಕಲಂ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್ ಇವೆಲ್ಲ ಅದರೊಳಗ ಬರ್ತಾವ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಐದು ಜಿಲ್ಲಾದಾಗ ಸುಮಾರು 1,475 ಇಂಥ ನೆಲೆ ಹೊಸ ಕಂದಾಯ ಗ್ರಾಮ ಆಗ್ಯಾವ. 2023ರ ಜನವರಿ 19ಕ್ಕ ಮಳಖೇಡದಾಗ 50,000ಕ್ಕೂ ಹೆಚ್ಚು ಕುಟುಂಬಕ್ಕ ಹಕ್ಕುಪತ್ರ ಕೊಟ್ರು. ಅಲ್ಲೀತನಕ ಮನಿ ಇತ್ತು, ಮನಿ ಕೆಳಗಿನ ನೆಲ ಇನ್ನೊಬ್ಬರ ಪಹಣಿಯೊಳಗ ಇತ್ತು. ಅದಕ್ಕ ಹಳೇ ಪಟ್ಟಿ ನೋಡಿ "ಮಜರೆ" ಅಂತ ಬರಿಬ್ಯಾಡ್ರಿ, ನಿಮ್ಮ ಗೊಲ್ಲರಹಟ್ಟಿ ಈಗಾಗಲೇ ಕಂದಾಯ ಗ್ರಾಮ ಆಗಿರಬಹುದು. ತಾಲ್ಲೂಕು ಕಚೇರಿಯಾಗ ಒಂದು ಸಲ ಕೇಳ್ರಿ.

ತುಂಗಭದ್ರಾ ನೀರಾವರಿ ಕಡೆ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಾಗ "ಕ್ಯಾಂಪ್" ಅನ್ನೋ ಊರು ಭಾಳ. ಗುಡಾರ ಹುಡುಕಬ್ಯಾಡ್ರಿ, ಪಕ್ಕಾ ಮನಿ, ಗುಡಿ, ಅಕ್ಕಿ ಗಿರಣಿ ಎಲ್ಲಾ ಇರ್ತಾವ. ಕಾಲುವೆ ಬಂದ ಮ್ಯಾಲೆ ಆಂಧ್ರದ ಕಡೆಯಿಂದ ಬಂದು ನೆಲಿಸಿದವ್ರು ಕಟ್ಟಿದ್ದು ಜಾಸ್ತಿ.

ಬೆಳಗಾವಿ, ವಿಜಯಪುರ ಕಡೆ ಊರ ಹೆಸರಿನ ಕೊನಿಗೆ "ಬಿ.ಕೆ.", "ಕೆ.ಎಚ್." ಇದ್ರ ಅವು ಯಾರದೋ ಇನಿಶಿಯಲ್ ಅಲ್ಲ. ಬುದ್ರುಕ್ ಅಂದ್ರ ದೊಡ್ಡದು, ಖುರ್ದ್ ಅಂದ್ರ ಸಣ್ಣದು. ಕನ್ನಡದಾಗ ಹಿರೇ, ಚಿಕ್ಕ ಅಂತೀವಲ್ಲ, ಅದೇ. ಅದನ್ನ ಬಿಟ್ಟು ಬರದ್ರ ಎರಡು ಬ್ಯಾರೆ ಗ್ರಾಮ ಒಂದೇ ಆಗಿಬಿಡ್ತಾವ.

---

ಅಡಿಕೆಸೋಗೆ ಉತ್ತರ:

ಮೇಲಿನದ್ದೆಲ್ಲ ಬಯಲುಸೀಮೆಯ ಲೆಕ್ಕ. ಗೋಡೆಗೆ ಗೋಡೆ ಅಂಟಿದ ಮನೆಗಳು, ಸುತ್ತ ಹೊಲ. ಮಲೆನಾಡು, ಕರಾವಳಿಗೆ ಇದೇ ಅಚ್ಚು ಒತ್ತಬೇಡಿ. ಅಲ್ಲಿ ಒಂದೊಂದು ಮನೆಯೂ ಅದರದರ ತೋಟ, ಗದ್ದೆಯ ಪಕ್ಕ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ಹಳ್ಳ ದಾಟಬೇಕು. ಹಾಗಾಗಿ "ಮೂವತ್ತು ಮನೆಯ ಊರು" ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಗ್ರಾಮ ಎಂಬುದು ಕಾಗದದಲ್ಲಿರುತ್ತದೆ, ಜನ ಹೇಳುವುದು ಬೈಲಿನ ಹೆಸರು, ಮನೆಯ ಹೆಸರು. ಅಂದ ಹಾಗೆ, ಹಳ್ಳಿಯನ್ನೂ ಹಳ್ಳವನ್ನೂ ಬೆರೆಸಬೇಡಿ, ಹಳ್ಳ ನೀರು ಹರಿಯುವ ತೊರೆ. "ಹಳ್ಳದ ಊರು" ಮತ್ತು "ಹಳ್ಳಿಯ ಊರು" ಅಚ್ಚಿನ ತಪ್ಪಲ್ಲಿ ಅದಲುಬದಲಾದದ್ದು ಬೇಕಾದಷ್ಟಿದೆ.

---

ಪಹಣಿಪುಟ:

ಪಟ್ಟಿಗೆ ನಾಲ್ಕು ಅಂಕಣ ಮಾಡಿ. ಮೊದಲನೆಯದು ಜನ ಕರೆಯುವ ಹೆಸರು, ಬಾಲಸಮೇತ. ಎರಡನೆಯದು ದರ್ಜೆ: ಕಂದಾಯ ಗ್ರಾಮ, ಮಜರೆ ಅಥವಾ ಬೇಚಿರಾಕ್. ಮೂರನೆಯದು ಮೂಲ ಗ್ರಾಮ, ಮಜರೆಗಳಿಗೆ ಮಾತ್ರ. ನಾಲ್ಕನೆಯದು ಹೋಬಳಿ. ವಿಳಾಸ ಬರೆಯುವಾಗಲೂ ಇದೇ ಕ್ರಮ: "ಇಂಥ ಗೊಲ್ಲರಹಟ್ಟಿ, ಇಂಥ ಗ್ರಾಮದ ಮಜರೆ, ಇಂಥ ಹೋಬಳಿ". ಎರೆಹೊಲ ಅವರು ಹೇಳಿದಂತೆ ಹೊಸದಾಗಿ ಕಂದಾಯ ಗ್ರಾಮವಾದದ್ದಿದ್ದರೆ ಮೂರನೇ ಅಂಕಣ ಖಾಲಿ ಬಿಡಬೇಡಿ, "ಮೊದಲು ಇಂಥ ಗ್ರಾಮದ ಮಜರೆ" ಅಂತ ಹಾಕಿ. ಹಳೇ ಕ್ರಯಪತ್ರಗಳೆಲ್ಲ ಆ ಹೆಸರಲ್ಲೇ ಇರುತ್ತವೆ.

---

ಗಡಿಕಲ್ಲು:

ಕರಡು ತಿದ್ದಲಾಗುತ್ತಿದೆ. ಕುಗ್ರಾಮ ಹೋಯ್ತು, ಬೇಚಿರಾಕ್ ಉಳಿಯಿತು. ಮುನ್ನುಡಿಯಲ್ಲಿ ಮಾತ್ರ ಎಲ್ಲ ಕಡೆ "ಊರು".